ಅಡಿಕೆ ತೋಟಕ್ಕೆ ಕಾರ್ಬನ್ ಫೈಬರ್ ದೋಟಿಯೋ, ಮರ ಏರುವ ಕೊನೆಗೌಡನೋ?

ಅಡಿಕೆ ಕೊಯ್ಯುವ ಮಲೆನಾಡಿನ ಕೊನೆಗೌಡನು ಕಾಲಿಗೆ ಹಿಡಿತ ಕೊಡುವ ಬಳೆಯಂಥ ತಳೆ ತೊಟ್ಟು ಮರವೇರಿ, ಮಣೆಯ ಮೇಲೆ ಕುಳಿತು ಒಂದು ಮರದಿಂದ ಮತ್ತೊಂದಕ್ಕೆ ದಾಟುತ್ತಾ, ಕೊಯ್ದ ಕೊನೆಯನ್ನು (ಅಡಿಕೆ ಗೊನೆಯನ್ನು) ಹಗ್ಗದ ಮೂಲಕ ಕೆಳಗಿನವರ ಕೈಗೆ ಜಾರಿಸುವುದರಿಂದ ಕಾಯಿ ಉದುರಿ ಚೆಲ್ಲಾಪಿಲ್ಲಿಯಾಗುವುದಿಲ್ಲ. ಕಾಯಿಯ ಬಲಿತವನ್ನು ಹತ್ತಿರದಿಂದ ನೋಡಿ ನಿರ್ಧರಿಸುವ ಆ ಕಣ್ಣಿಗೆ ಬದಲಿಯಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಆದರೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ (ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ) ಸಿಂಪಡಿಸಬೇಕಾದ ಆಷಾಢದ ದಿನಗಳಲ್ಲಿ, ಹಾವಸೆ ಕಟ್ಟಿದ ಕಾಂಡದ ಮೇಲೆ ತಳೆ ಜಾರುವುದನ್ನು ಒಮ್ಮೆ ಕಂಡವರು ಯಾರನ್ನೂ ಮರ ಹತ್ತಿಸಲು ಒಪ್ಪಲಾರರು. ಆಗ ಕಾರ್ಬನ್ ಫೈಬರ್ ದೋಟಿ, ಅಂದರೆ ಗೊನೆಯವರೆಗೆ ಚಾಚುವ ಉದ್ದನೆಯ ಕೋಲೇ ಸರಿ. ನೆಲದಲ್ಲೇ ನಿಂತು ಗೊನೆಗೆ ಔಷಧ ತಲುಪಿಸಬಹುದು, ಅಲ್ಯೂಮಿನಿಯಂ ಕೋಲಿಗಿಂತ ಇದು ಹಗುರ, ಬಳುಕುವುದೂ ಕಡಿಮೆ. ಬೆಲೆ ಮಾತ್ರ ಹೆಚ್ಚು. ದಿನವಿಡೀ ಮೇಲೆ ನೋಡುವುದರಿಂದ ಕುತ್ತಿಗೆಯೂ ನೋಯುತ್ತದೆ.

ಕೊಳ್ಳುವವರು ಮರೆಯಬಾರದ ಸಂಗತಿಯೊಂದಿದೆ: ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ತೋಟದ ಮೇಲೆ ತಂತಿ ಹಾದುಹೋಗಿದ್ದರೆ, ಮರವೆಷ್ಟೇ ಎತ್ತರವಿರಲಿ, ವಿದ್ಯುತ್ ಹರಿಯುತ್ತಿರುವಾಗ ಆ ಸಾಲಿನಲ್ಲಿ ದೋಟಿ ಎತ್ತಲೇಬಾರದು. ವಿದ್ಯುತ್ ಕಡಿತಗೊಳಿಸಿದ್ದನ್ನು ಖಚಿತಪಡಿಸಿಕೊಂಡ ನಂತರವೇ ಅಲ್ಲಿ ಕೆಲಸ ಆರಂಭಿಸಬೇಕು.