ಹೊಸ ಡಂಪ್ ತರಲು ಡಬ್ಲ್ಯೂಗೆಟ್, ಎಲ್‌ಎಫ್‌ಟಿಪಿ, ಆರ್‌ಸಿಂಕ್: ಬಳಸಿ ನೋಡಿದ ಹೋಲಿಕೆ

ಕನ್ನಡ ವಿಕಿಪೀಡಿಯದ ಲೇಖನಗಳೆಲ್ಲ ಡಂಪ್ ಆಗಿ, ಅಂದರೆ ಒಟ್ಟಿಗೆ ಕಟ್ಟಿಟ್ಟ ನಕಲಾಗಿ, ವಿಕಿಮೀಡಿಯದ ಡಂಪ್ಸ್ ಸರ್ವರ್‌ನಲ್ಲಿ ಸಿಗುತ್ತವೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸ್ಪೆಲ್‌ಚೆಕ್ಕರ್, ಪದಪಟ್ಟಿ ಅಂತ ಕೆಲಸ ಮಾಡುವವರಿಗೆ ಇದು ದೊಡ್ಡ ಆಸ್ತಿ. ಅಲ್ಲಿ 'ಕೆಎನ್‌ವಿಕಿ' ಡೈರೆಕ್ಟರಿ ಒಳಗೆ 20240101, 20240120 ಅಂತ ತಾರೀಕಿನ ಹೆಸರಲ್ಲೇ ಡೈರೆಕ್ಟರಿಗಳಿರುತ್ತವೆ. ತಿಂಗಳ 1ಕ್ಕೆ ಒಂದು ಡಂಪ್ ಶುರುವಾದರೆ 20ಕ್ಕೆ ಇನ್ನೊಂದು. ಕ್ರಾನ್‌ಗೆ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪ್ರೋಗ್ರಾಂಗೆ) ಹಾಕಿಟ್ಟರೆ ಸ್ಕ್ರಿಪ್ಟ್ ತಾನೇ ಹೊಸದನ್ನು ಹುಡುಕಿ ತರಬೇಕು ಅನ್ನುವುದು ನನ್ನ ಆಸೆ. ಅದಕ್ಕಾಗಿ ಕಮಾಂಡ್ ಕೊಟ್ಟು ಫೈಲ್ ಇಳಿಸುವ ಮೂರು ಪ್ರೋಗ್ರಾಂಗಳನ್ನು ಬಳಸಿ ನೋಡಿದೆ.

ಮೊದಲು ಆರ್‌ಸಿಂಕ್. ಕೆಲವು ಮಿರರ್‌ಗಳು (ಡಂಪ್‌ಗಳ ನಕಲು ಇಟ್ಟುಕೊಂಡ ಬೇರೆ ಸರ್ವರ್‌ಗಳು) ಇದಕ್ಕೆ ಅವಕಾಶ ಕೊಡುತ್ತವೆ. ಎಲ್ಲಿಗೆ ಇಳಿಸಬೇಕು ಅಂತ ಹೇಳದೆ ಬರೀ ವಿಳಾಸ ಕೊಟ್ಟರೆ ಅಚ್ಚುಕಟ್ಟಾಗಿ ಪಟ್ಟಿ ಬರುತ್ತದೆ, ಎಚ್‌ಟಿಎಂಎಲ್ ಬಗೆಯುವ ಗೋಳಿಲ್ಲ. ಆದರೆ ಬದಲಾದ ಭಾಗವನ್ನಷ್ಟೇ ತರುವ ಅದರ ಹೆಸರಾಂತ ಜಾಣತನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಫೈಲ್ ಹೆಸರಲ್ಲೇ ತಾರೀಕು ಇರುವುದರಿಂದ ಪ್ರತಿ ಸಲವೂ ಅದಕ್ಕೆ ಎಲ್ಲ ಹೊಸದೇ. ಮೇಲಾಗಿ ಬಿಜಿಪ್2ನಿಂದ ಕುಗ್ಗಿಸಿದ ಫೈಲ್‌ನಲ್ಲಿ ಹಳೆಯದಕ್ಕೂ ಹೊಸದಕ್ಕೂ ಹೊಂದುವ ತುಂಡು ಸಿಗುವುದು ಕಷ್ಟ. ಮಿರರ್‌ಗೆ ಹೊಸ ಡಂಪ್ ಬರುವುದೂ ಸ್ವಲ್ಪ ತಡ.

ಎಲ್‌ಎಫ್‌ಟಿಪಿ ನನಗೆ ಇಷ್ಟವೇ. ಅದರ 'ಮಿರರ್' ಆದೇಶಕ್ಕೆ ಇಷ್ಟು ದಿನದ ಈಚಿನದು ಮಾತ್ರ ಸಾಕು ಅಂತಲೂ ಹೇಳಬಹುದು, ಒಟ್ಟಿಗೆ ನಾಲ್ಕೈದು ಫೈಲ್ ಎಳೆಯಲೂಬಹುದು. ಎಫ್‌ಟಿಪಿ, ಎಸ್‌ಎಫ್‌ಟಿಪಿ ಸರ್ವರ್ ಆಗಿದ್ದರೆ ಕಣ್ಣು ಮುಚ್ಚಿ ಇದನ್ನೇ ಹಿಡಿಯಿರಿ. ಡಂಪ್ಸ್‌ನವರು ಜಾಸ್ತಿ ಕನೆಕ್ಷನ್ ತೆರೆಯಬೇಡಿ ಅಂತ ಕೇಳಿಕೊಂಡಿರುವುದರಿಂದ ಅದರ ವೇಗ ಇಲ್ಲಿ ಬೇಡವೇ ಬೇಡ.

ಕೊನೆಗೆ ಉಳಿದದ್ದು ಡಬ್ಲ್ಯೂಗೆಟ್. ಇದಕ್ಕೆ ಹೊಸದು ಯಾವುದು ಅಂತ ತಾನಾಗಿ ಗೊತ್ತಾಗುವುದಿಲ್ಲ, ನಾವೇ ಹೇಳಿಕೊಡಬೇಕು. ಡಂಪ್‌ಗಳ ಪಟ್ಟಿ ಇರುವ ಪುಟ ತಂದು, ಡೈರೆಕ್ಟರಿ ಹೆಸರುಗಳನ್ನು ಹೆಕ್ಕಿ, ಸಾರ್ಟ್ ಮಾಡಿ, ಟೇಲ್‌ನಿಂದ ಕೊನೆಯದನ್ನು ತೆಗೆದರೆ ಆಯ್ತಲ್ವಾ? ಆಗಲ್ಲ. ಅಲ್ಲಿ 'ಲೇಟೆಸ್ಟ್' ಅನ್ನುವ ಡೈರೆಕ್ಟರಿಯೂ ಇದೆ. ಅಂಕಿಗಳಾದ ಮೇಲೆ ಅಕ್ಷರ ಬರುವುದರಿಂದ ಟೇಲ್ ಅದನ್ನೇ ಕೊಡುತ್ತದೆ. ಅದರೊಳಗಿನ ಫೈಲ್ ಹೆಸರಲ್ಲಿ ತಾರೀಕಿಲ್ಲ, ಒಂದೊಂದು ಫೈಲ್ ಒಂದೊಂದು ಡಂಪ್‌ನದ್ದಾಗಿರಬಹುದು. ಹಾಗಾಗಿ ಎಂಟು ಅಂಕಿಯ ಹೆಸರು ಮಾತ್ರ ಗ್ರೆಪ್‌ನಿಂದ ಸೋಸಿ ತೆಗೆಯಿರಿ. ಪೂರ್ತಿ ಡೈರೆಕ್ಟರಿ ಇಳಿಸುವುದಾದರೆ 'ನೋ ಪೇರೆಂಟ್' ಆಯ್ಕೆ ಬಿಡಬೇಡಿ, ಇಲ್ಲದಿದ್ದರೆ ಅದು ಮೇಲಕ್ಕೆ ಹತ್ತಿ ಹಳೆಯ ಡಂಪ್‌ಗಳಿಗೂ ಕೈ ಹಾಕುತ್ತದೆ.

ನನ್ನ ಓಟು ಡಬ್ಲ್ಯೂಗೆಟ್‌ಗೆ ಬೀಳಲು ಇನ್ನೊಂದು ಕಾರಣವಿದೆ. ಡಂಪ್ ಮುಗಿಯುವ ಮೊದಲೇ ಅದರ ಡೈರೆಕ್ಟರಿ ಹುಟ್ಟಿಕೊಂಡಿರುತ್ತದೆ. ಹೊಸದು ಅಂತ ಸುಮ್ನೆ ಎಳೆದರೆ ಅರ್ಧಂಬರ್ಧ ಕೈಗೆ ಬರಬಹುದು. ಪ್ರತಿ ಡೈರೆಕ್ಟರಿಯಲ್ಲೂ 'ಡಂಪ್‌ಸ್ಟೇಟಸ್' ಅನ್ನುವ ಜೇಸನ್ ಫೈಲ್ ಇದೆ. ಮೊದಲು ಅದೊಂದನ್ನೇ ತರಿಸಿ 'ಆರ್ಟಿಕಲ್ಸ್‌ಡಂಪ್' ಎದುರು 'ಡನ್' ಅಂತ ಇದೆಯಾ ನೋಡುತ್ತೇನೆ. ಇಲ್ಲದಿದ್ದರೆ ಸ್ಕ್ರಿಪ್ಟ್ ಅದರ ಹಿಂದಿನ ತಾರೀಕಿಗೆ ಹೋಗುತ್ತದೆ. ಫೈಲ್‌ನ ಶಾ1 (ಫೈಲ್ ಸರಿಯಾಗಿ ಇಳಿದಿದೆಯಾ ಅಂತ ತಾಳೆ ನೋಡುವ ಸಂಕೇತ) ಕೂಡ ಅದರಲ್ಲೇ ಇರುತ್ತದೆ. ಇಳಿಸಿದ್ದನ್ನು ಬೇರೆ ಹೆಸರಲ್ಲಿಟ್ಟು, ಶಾ1 ತಾಳೆಯಾದ ಮೇಲಷ್ಟೇ ಸರಿಯಾದ ಹೆಸರಿಗೆ ಬದಲಿಸಿ.