ಪೈ-ಹೋಲ್: ಟ್ರ್ಯಾಕರ್ ತಡೆಯುವ ಪೆಟ್ಟಿಗೆಯೇ ಮನೆಯವರ ಲೆಕ್ಕ ಇಡುತ್ತದೆ

ಪೈ-ಹೋಲ್ ಅಂದರೆ ಮನೆಯ ಜಾಲಕ್ಕೆ ಡಿಎನ್‌ಎಸ್ (ತಾಣದ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹೇಳುವ ಸೇವೆ) ಆಗಿ ಕೂತು, ಜಾಹೀರಾತು ಮತ್ತು ಟ್ರ್ಯಾಕರ್‌ಗಳ ಹೆಸರು ಕೇಳಿದರೆ ತಡೆಯುವ ತಂತ್ರಾಂಶ. ಅದನ್ನು ಹಾಕುವುದು ಹೇಗೆ ಅನ್ನುವುದು ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಅದು ಬೇಡ. ದಿನವೂ ಬಳಸುವವರಿಗೆ ಇದರಲ್ಲಿ ಹೆಚ್ಚು ರುಚಿ ಹತ್ತುವುದು ಕ್ವೆರಿ ಲಾಗ್, ಅಂದರೆ ಯಾವ ಸಾಧನ ಯಾವ ಹೆಸರು ಕೇಳಿತು ಅನ್ನುವ ಪಟ್ಟಿ. ಬೆಳಿಗ್ಗೆ ಒಮ್ಮೆ ಅದರ ಮೇಲೆ ಕಣ್ಣಾಡಿಸುವುದು ಚಟವೇ ಆಗಿಬಿಡುತ್ತದೆ. ಮನೆಯವರೆಲ್ಲ ಮಲಗಿದ್ದರೂ ಸ್ಟ್ಯಾಂಡ್‌ಬೈಯಲ್ಲಿರುವ ಟಿವಿ ಯಾವ ಸರ್ವರ್‌ನ ಕದ ತಟ್ಟುತ್ತಿತ್ತು, ಯಾವ ಆಟದ ಆ್ಯಪ್ ಯಾವ ಜಾಹೀರಾತು ಜಾಲಕ್ಕೆ ಕೂಗುಹಾಕಿತು, ಎಲ್ಲವೂ ನಿಮಿಷ ಸೆಕೆಂಡಿನ ಸಮೇತ ಕಾಣುತ್ತದೆ. ಎಷ್ಟು ಕೋರಿಕೆ ತಡೆಯಿತೆಂದು ಮುಖಪುಟದಲ್ಲಿ ಮಿನುಗುವ ಶೇಕಡಾವಾರು ಅಂಕಿಯನ್ನು ಮಾತ್ರ ಹೆಚ್ಚು ನಂಬಬೇಡಿ. ತಡೆದ ಹೆಸರಿಗೆ 0.0.0.0 ಎಂಬ ಪೊಳ್ಳು ವಿಳಾಸವೇ ಉತ್ತರವಾಗಿ ಸಿಕ್ಕ ಆ್ಯಪ್ ಮತ್ತೆ ಮತ್ತೆ ಕೇಳುತ್ತದೆ, ಆ ಹಟವೆಲ್ಲ 'ತಡೆದದ್ದು' ಲೆಕ್ಕಕ್ಕೆ ಸೇರಿ ಅಂಕಿ ಉಬ್ಬುತ್ತದೆ.

ಪೈ-ಹೋಲ್ ಕಣ್ಣು ತಪ್ಪಿಸಿ ಕೋರಿಕೆ ಸೋರುವ ಜಾಗಗಳು ಗೊತ್ತಿರುವಂಥವೇ. ರೂಟರ್‌ನಲ್ಲಿ ಎರಡನೇ ಡಿಎನ್‌ಎಸ್ ಅಂತ ಗೂಗಲ್‌ನ 8.8.8.8 ತುಂಬಿದರೆ ಅದು ಆಪತ್ತಿಗೆಂದು ಕಾಯುತ್ತ ಕೂರುವುದಿಲ್ಲ. ಸಾಧನಗಳು ಎರಡನ್ನೂ ಬಳಸುತ್ತವೆ. ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಕಡೆಯಿಂದ ರೂಟರ್ ತನ್ನದೇ ಡಿಎನ್‌ಎಸ್ ಹಂಚುತ್ತಿದ್ದರೆ ಅದನ್ನೂ ನಿಲ್ಲಿಸಬೇಕು. ಪೈ-ಹೋಲ್‌ನ ವಿಳಾಸವನ್ನು ರೂಟರ್‌ನ ಡಿಎಚ್‌ಸಿಪಿ ವಿಭಾಗದಲ್ಲಿ (ಮನೆಯ ಸಾಧನಗಳಿಗೆ ವಿಳಾಸ ಹಂಚುವ ಕಡೆ) ಕೊಡಿ. ವ್ಯಾನ್ ವಿಭಾಗದಲ್ಲಿ (ಹೊರಗಿನ ಇಂಟರ್ನೆಟ್ ಕಡೆ) ಕೊಟ್ಟರೆ ಲಾಗ್‌ನಲ್ಲಿ ಎಲ್ಲ ಕೋರಿಕೆಯೂ ರೂಟರ್ ಒಂದರಿಂದಲೇ ಬಂದಂತೆ ಕಾಣುತ್ತದೆ. ಕೆಲವು ಟಿವಿಗಳು ತಮ್ಮೊಳಗೇ ಬರೆದಿಟ್ಟ ಡಿಎನ್‌ಎಸ್‌ಗೆ ಹೋಗುತ್ತವೆ. ಮಾಮೂಲಿ ಡಿಎನ್‌ಎಸ್ ಕೋರಿಕೆ ಹೋಗುವ ಪೋರ್ಟ್ 53ರ ಸಂಚಾರವನ್ನು ರೂಟರ್‌ನಲ್ಲೇ ಪೈ-ಹೋಲ್ ಕಡೆ ತಿರುಗಿಸಿದರೆ ಅವು ಬಗ್ಗುತ್ತವೆ. ಪೋರ್ಟ್ 443ರಲ್ಲಿ ಎಚ್‌ಟಿಟಿಪಿಎಸ್ (ಗೂಢಲಿಪಿಯ ಮಾಮೂಲಿ ವೆಬ್ ಸಂಚಾರ) ಒಳಗೆ ಅವಿತು ಡಿಎನ್‌ಎಸ್ ಕೇಳುವ ಆ್ಯಪ್‌ಗಳು ಬಗ್ಗುವುದಿಲ್ಲ. ಯೂಟ್ಯೂಬ್ ಜಾಹೀರಾತು ತಡೆಯುವ ಆಸೆಯನ್ನಂತೂ ಬಿಟ್ಟೇಬಿಡಿ, ಆ ಜಾಹೀರಾತು ವಿಡಿಯೊ ಬರುವ ಡೊಮೇನ್‌ನಿಂದಲೇ (ತಾಣದ ಹೆಸರಿನಿಂದಲೇ) ಬರುತ್ತದೆ. ಅಂಗಡಿಯ ಸರ್ವರ್ ನಿಮ್ಮ ಖರೀದಿ ವಿವರವನ್ನು ನೇರವಾಗಿ ಜಾಹೀರಾತು ಕಂಪನಿಯ ಸರ್ವರ್‌ಗೆ ಕಳಿಸಿದರೆ ಅದು ನಿಮ್ಮ ಮನೆಯ ಜಾಲವನ್ನು ಹಾಯುವುದೇ ಇಲ್ಲ.

ಇಷ್ಟನ್ನೂ ಸಹಿಸಬಹುದು. ನನ್ನ ತಕರಾರು ಇರುವುದು ಆ ಮುದ್ದಿನ ಲಾಗ್ ಬಗ್ಗೆಯೇ. ಪೈ-ಹೋಲ್‌ನ 6ನೇ ಆವೃತ್ತಿ ತಾನಾಗಿ 91 ದಿನಗಳ ಕೋರಿಕೆಗಳನ್ನು ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳುತ್ತದೆ. ಮನೆಯಲ್ಲಿ ಯಾರು ಯಾವ ಕಾಯಿಲೆಯ ತಾಣ ನೋಡಿದರು, ಯಾರು ಸದ್ದಿಲ್ಲದೆ ಬೇರೆ ಕೆಲಸ ಹುಡುಕುತ್ತಿದ್ದಾರೆ, ವೈಫೈ ಪಾಸ್‌ವರ್ಡ್ ಕೇಳಿದ ಅತಿಥಿ ಎಲ್ಲೆಲ್ಲಿ ಹೋದರು, ಎಲ್ಲ ಅದರಲ್ಲಿದೆ. ಪುಟ ಯಾವುದೆಂದು ತಿಳಿಯದು, ಡೊಮೇನ್ ಮಾತ್ರ. ಆದರೆ ಬಹಳ ಸಲ ಡೊಮೇನ್ ಹೆಸರೇ ಸಾಕು. ಕೋರಿಕೆ ಬಂದ ಫೋನ್ ಯಾರದೆಂದು ಜಾಹೀರಾತು ಕಂಪನಿ ಊಹಿಸಬೇಕು. ಇಲ್ಲಿ ಸಾಧನದ ಹೆಸರೇ ಪಕ್ಕದಲ್ಲಿರುತ್ತದೆ. ಖಾಸಗಿತನಕ್ಕೆಂದು ಜನ ತಂದಿಡುವ ಸಾಧನ ಇಷ್ಟನ್ನು ಕೇಳದೆಯೇ ಕೂಡಿಡುವುದು ನನಗೆ ಒಪ್ಪಿತವಲ್ಲ.

ಲಾಗ್‌ನಲ್ಲಿ ಏನೇನು ಕಾಣಬೇಕೆಂದು ತೀರ್ಮಾನಿಸುವ ಪ್ರೈವಸಿ ಲೆವೆಲ್ ಎಂಬ ಸೆಟ್ಟಿಂಗ್ 0ರಿಂದ 3ರವರೆಗೆ ಇದೆ: 0ರಲ್ಲಿ ಎಲ್ಲವೂ ಕಾಣುತ್ತದೆ, 1ರಲ್ಲಿ ಡೊಮೇನ್ ಮರೆ, 2ರಲ್ಲಿ ಸಾಧನವೂ ಮರೆ, 3ರಲ್ಲಿ ಬರೀ ಒಟ್ಟು ಅಂಕಿ. ಕೇಳಲು ಚೆನ್ನ. ಆದರೆ 1ಕ್ಕೆ ಏರಿಸಿದ ದಿನವೇ ಬ್ಯಾಂಕಿನ ಆ್ಯಪ್ ತೆರೆಯದೆ ಹೋದರೆ, ಯಾವ ಡೊಮೇನ್‌ಗೆ ಅನುಮತಿ ಕೊಡಬೇಕೆಂದು ಹುಡುಕಲು ಲಾಗ್ ಕುರುಡು. ಹಾಗಾಗಿ ಲೆವೆಲ್ 0ರಲ್ಲೇ ಬಿಟ್ಟು ದಿನಗಳನ್ನು ಕತ್ತರಿಸುವುದು ಮೇಲು. ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಪರ್ಟ್ ಮೋಡ್ ಹಾಕಿ, ಆಲ್ ಸೆಟ್ಟಿಂಗ್ಸ್‌ನ ಡೇಟಾಬೇಸ್ ವಿಭಾಗದಲ್ಲಿ ಮ್ಯಾಕ್ಸ್ ಡಿಬಿ ಡೇಸ್ ಅನ್ನುವುದನ್ನು 91ರಿಂದ 2ಕ್ಕೆ ಇಳಿಸಿ. ದೋಷ ಹುಡುಕಲು ಎರಡು ದಿನ ಧಾರಾಳ, ಬೆಳಗಿನ ಚಟಕ್ಕೂ ಸಾಕು. ಅವಧಿ ಮೀರಿದ ಸಾಲುಗಳನ್ನು ಅದೇ ಅಳಿಸುತ್ತ ಹೋಗುತ್ತದೆ. ಲೆವೆಲ್ ಏರಿಸಿದರೆ ಮಾತ್ರ ಹಾಗಲ್ಲ, ಅದು ಮುಂದಿನ ಕೋರಿಕೆಗಳಿಗಷ್ಟೇ ಅನ್ವಯ, ಹಿಂದೆ ಬರೆದದ್ದು ಹಾಗೇ ಇರುತ್ತದೆ. ಪೈ-ಹೋಲ್ ಇರುವ ಎಸ್‌ಡಿ ಕಾರ್ಡಿನ ಪೂರ್ತಿ ಇಮೇಜನ್ನು (ಯಥಾಪ್ರತಿಯನ್ನು) ಬ್ಯಾಕಪ್ ಅಂತ ತೆಗೆದಿಟ್ಟವರು ಅದನ್ನೂ ಹೊಸದಾಗಿ ತೆಗೆಯಬೇಕು, ಹಳೆಯ ಡೇಟಾಬೇಸ್ ಅದರೊಳಗೂ ಕೂತಿರುತ್ತದೆ.