ಡಿಸ್ಚಾರ್ಜ್ ಬುಕ್ಕಿಗೆ ಬೇರೆಯವರ ಪೆನ್ನು ತಾಗದಿರಲಿ

ನಮ್ಮ ಮನೆಯ ಕಬ್ಬಿಣದ ಟ್ರಂಕಿನಲ್ಲಿ ಅಪ್ಪನ ಡಿಸ್ಚಾರ್ಜ್ ಬುಕ್ ಇದೆ, ಸೇನೆಯಿಂದ ನಿವೃತ್ತಿಯಾಗುವಾಗ ಕೊಡುವ ಸೇವಾ ವಿವರದ ಪುಸ್ತಕ. ಅದರಲ್ಲಿ ಪದಕಗಳನ್ನು ಬರೆಯುವ ಪುಟದ ಹಳೆಯ ಅಕ್ಷರಗಳೆಲ್ಲ 1985ರ ಶಾಯಿಯವು, ಮಾಸಿ ಕಂದು ಬಣ್ಣಕ್ಕೆ ತಿರುಗಿವೆ. ಅವುಗಳ ಕೆಳಗಿನ ಎರಡು ಸಾಲುಗಳು ಮಾತ್ರ ನೀಲಿ ಜೆಲ್ ಪೆನ್ನಿನವು. ಆ ಎರಡು ಸಾಲು ಬರೆಸಿಕೊಳ್ಳಲು ನಾವು 18 ಸಾವಿರ ರೂಪಾಯಿ ಕೊಟ್ಟೆವು. ಅವನ್ನು ಹೊಡೆಸಿಹಾಕಲು 22 ತಿಂಗಳು ಅಲೆದೆವು. ಮನೆಯಲ್ಲಿ ಮಾಜಿ ಸೈನಿಕರಿದ್ದು, ತಮಗೆ ಬರಬೇಕಾಗಿದ್ದ ಪದಕ ದಾಖಲೆಯಲ್ಲಿ ಬಿಟ್ಟುಹೋಗಿದೆ ಎಂದು ಅವರು ಕೊರಗುತ್ತಿದ್ದರೆ, ದಯವಿಟ್ಟು ಇದನ್ನು ಓದಿ.

ನಮ್ಮದು ಸೋಮವಾರಪೇಟೆ ಕಡೆಯ ಹಳ್ಳಿ. ಅಪ್ಪ 1968ರಲ್ಲಿ ಸೇನೆಯ ಸರಬರಾಜು ವಿಭಾಗವಾದ ಆರ್ಮಿ ಸರ್ವೀಸ್ ಕೋರ್‌ಗೆ ಡ್ರೈವರ್ ಆಗಿ ಸೇರಿದವರು. 1971ರ ನವೆಂಬರಿನಲ್ಲಿ ಅವರ ಕಂಪನಿ ಇದ್ದ ಜಾಗದಲ್ಲೇ ಉಳಿಯಿತು. ಅಪ್ಪನನ್ನೂ ಇನ್ನು ಕೆಲವು ಡ್ರೈವರುಗಳನ್ನೂ ಬೇರೊಂದು ಘಟಕಕ್ಕೆ ಅಟ್ಯಾಚ್ ಮಾಡಿ, ಅಂದರೆ ತಾತ್ಕಾಲಿಕವಾಗಿ ಸೇರಿಸಿ, ತ್ರಿಪುರಾಕ್ಕೆ ಕಳುಹಿಸಿದರು. ಆಗ ರೈಲು ಧರ್ಮನಗರಕ್ಕೇ ಮುಗಿಯುತ್ತಿತ್ತು. ಅಲ್ಲಿಂದ ಅಗರ್ತಲಾದವರೆಗೆ ರೇಷನ್ನು, ಮದ್ದುಗುಂಡು, ಡೀಸೆಲ್ ಪೀಪಾಯಿ ಎಲ್ಲವೂ ಲಾರಿಯ ಬೆನ್ನೇರಿಯೇ ಹೋಗಬೇಕು. ಯುದ್ಧ ಶುರುವಾದ ಮೇಲೆ ಗಡಿಯಾಚೆಯ ಅಖೌರಾ ದಾಟಿ ಬ್ರಾಹ್ಮಣಬಾರಿಯಾ ಕಡೆಗೆ ಶಕ್ತಿಮಾನ್ ಲಾರಿ ಓಡಿಸಿದ್ದನ್ನು, ಆಶುಗಂಜ್‌ನಲ್ಲಿ ಮೇಘನಾ ನದಿಯ ಸೇತುವೆಯನ್ನು ಪಾಕಿಸ್ತಾನದವರು ಉಡಾಯಿಸಿದ್ದರಿಂದ ಈಚೆ ದಡದಲ್ಲೇ ಉಳಿಯಬೇಕಾಗಿ ಬಂದದ್ದನ್ನು, ಹೆಲಿಕಾಪ್ಟರುಗಳು ಜವಾನರನ್ನು ನದಿ ದಾಟಿಸುತ್ತಿದ್ದುದನ್ನು ನಾವು ಮಕ್ಕಳು ನೂರು ಸಲ ಕೇಳಿದ್ದೇವೆ. ಹೆಲಿಕಾಪ್ಟರುಗಳ ಸಂಖ್ಯೆ ವರ್ಷ ಕಳೆದಂತೆ ಹೆಚ್ಚುತ್ತ ಹೋಯಿತು, ಅದು ಬೇರೆ ಮಾತು.

ಆ ಯುದ್ಧಕ್ಕೆ ಸಂಬಂಧಿಸಿದಂತೆ ಮುಖ್ಯವಾಗಿ ಮೂರು ಪದಕಗಳಿವೆ. ಪೂರ್ವದ ಕಾರ್ಯಾಚರಣೆಯಲ್ಲಿ ಇದ್ದವರಿಗೆ ಪೂರ್ವೀ ಸ್ಟಾರ್, ಪಶ್ಚಿಮದಲ್ಲಿ ಇದ್ದವರಿಗೆ ಪಶ್ಚಿಮೀ ಸ್ಟಾರ್, ಇನ್ನು ಹೆಚ್ಚು ಜನರಿಗೆ ಸಂದದ್ದು ಸಂಗ್ರಾಮ್ ಮೆಡಲ್. ಅಪ್ಪನ ಡಿಸ್ಚಾರ್ಜ್ ಬುಕ್ಕಿನಲ್ಲಿ ಸಂಗ್ರಾಮ್ ಮೆಡಲ್ ಇತ್ತು, 1972ರ ಸ್ವಾತಂತ್ರ್ಯದ 25ನೇ ವಾರ್ಷಿಕೋತ್ಸವದ ಪದಕ ಇತ್ತು, ಒಂಬತ್ತು ವರ್ಷದ ದೀರ್ಘ ಸೇವೆಯ ಪದಕವೂ ಇತ್ತು. ಪೂರ್ವೀ ಸ್ಟಾರ್ ಇರಲಿಲ್ಲ. 17 ವರ್ಷ ಸೇವೆ ಮಾಡಿ ಬಂದ ಮನುಷ್ಯ ಅದರ ಬಗ್ಗೆ 36 ವರ್ಷ ಒಂದು ಮಾತೂ ಆಡಿರಲಿಲ್ಲ.

ಆಡಿಸಿದ್ದು 2021ರ ಡಿಸೆಂಬರ್ 16. ಗೆಲುವಿಗೆ ಐವತ್ತು ವರ್ಷ ತುಂಬಿತೆಂದು ಊರಿನಲ್ಲಿ ಮಾಜಿ ಸೈನಿಕರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಪದಕ ಧರಿಸಿ ಬನ್ನಿ ಎಂದಿದ್ದರು. ವೇದಿಕೆಯಲ್ಲಿ ಅಪ್ಪನ ಪಕ್ಕ ಕುಳಿತವರು ಯುದ್ಧದ ಕೊನೆಯ ವಾರದಲ್ಲಿ ಪೂರ್ವಕ್ಕೆ ಹೋದವರಂತೆ. ಅವರ ಎದೆಯ ಮೇಲೆ ಐದು ಮೊನೆಯ ತಾರೆ. ಶಾಲು ಹೊದೆಸಿಕೊಂಡು ಮನೆಗೆ ಬಂದ ಅಪ್ಪ ಊಟಕ್ಕೆ ಕೂತಾಗ, “ನಾನು ಅಲ್ಲಿಗೆ ಹೋಗಿರಲೇ ಇಲ್ಲವೇನೋ ಎಂದು ನನಗೇ ಅನುಮಾನ ಬಂತು ಕಣೋ” ಎಂದರು.

ಸನ್ಮಾನದ ಸುದ್ದಿ ಹರಡಿದ ಹದಿನೈದೇ ದಿನಕ್ಕೆ ಒಬ್ಬರು ಮನೆಗೆ ಬಂದರು. ಅವರೂ ಮಾಜಿ ಸೈನಿಕರೇ. ಜೆರಾಕ್ಸ್, ಲ್ಯಾಮಿನೇಷನ್, ಪೆನ್ಷನ್ ಕಾಗದಪತ್ರ ಎಲ್ಲ ಮಾಡಿಕೊಡುವ ಸಣ್ಣ ಅಂಗಡಿ ಇಟ್ಟಿದ್ದಾರೆ. ಅಪ್ಪನನ್ನು ಸೇನೆಯವರ ರೂಢಿಯಂತೆ ‘ಉಸ್ತಾದ್’ ಎಂದು ಕರೆದರು. ಆ ಒಂದು ಪದಕ್ಕೆ ಅಪ್ಪ ಕರಗಿದರು. ಊರಿನಲ್ಲಿ ಹಾಗೆ ಕರೆಯುವವರು ಯಾರೂ ಉಳಿದಿರಲಿಲ್ಲ. “ರೆಕಾರ್ಡ್ ಆಫೀಸಿನಲ್ಲಿ ನಮ್ಮ ಹುಡುಗರಿದ್ದಾರೆ ಉಸ್ತಾದ್. ಒರಿಜಿನಲ್ ಬುಕ್ ಕೊಡಿ, ಎಂಟ್ರಿ ಮಾಡಿಸಿ ತರುತ್ತೇನೆ. ನೀವಾಗಿ ಅರ್ಜಿ ಹಾಕಿದರೆ ನಿಮ್ಮ ಮೊಮ್ಮಗನ ಕಾಲಕ್ಕೆ ಉತ್ತರ ಬರುತ್ತದೆ” ಎಂದರು. ಮೂಲ ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಆದೇಶ) ಪ್ರತಿ, ಗುರುತಿನ ಚೀಟಿಯ ಪ್ರತಿ, ಜೊತೆಗೆ ಸಹಿ ಮಾಡಿದ ಎರಡು ಖಾಲಿ ಹಾಳೆ. ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟವನು ನಾನೇ. ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಖಾಲಿ ಹಾಳೆಗೆ ಸಹಿ ಹಾಕಬೇಡಿ ಎಂದು ದಿನಕ್ಕೆ ಹತ್ತು ಜನರಿಗೆ ಹೇಳುವವನು.

ನಲವತ್ತು ದಿನಕ್ಕೆ ಬುಕ್ ವಾಪಸು ಬಂತು. ಜೊತೆಗೆ ಕೆಂಪು ಮಖಮಲ್ಲಿನ ಡಬ್ಬಿಯಲ್ಲಿ ಪಳಪಳ ಹೊಳೆಯುವ ಎರಡು ಪದಕ. ಪುಟ ತೆರೆದರೆ ನೀಲಿ ಅಕ್ಷರದಲ್ಲಿ ಪೂರ್ವೀ ಸ್ಟಾರ್ ಎಂದಿದೆ, ಪಕ್ಕದಲ್ಲಿ ಒಂದು ದುಂಡು ಮುದ್ರೆ. ಅದರ ಕೆಳಗೆ ಇನ್ನೊಂದು ಸಾಲು: ವೂಂಡ್ ಮೆಡಲ್.

“ಇದೇನು?” ಎಂದು ಕೇಳಿದರು ಅಪ್ಪ.

“ಕಾಲಿನ ಮೇಲೆ ದೊಡ್ಡ ಗಾಯದ ಗುರುತಿದೆಯಲ್ಲ ಉಸ್ತಾದ್, ನಾನು ನೋಡಿದ್ದೇನೆ. ಇರಲಿ ಬಿಡಿ, ಮುಂದೆ ಪೆನ್ಷನ್ನಿಗೆ ಉಪಯೋಗಕ್ಕೆ ಬರುತ್ತದೆ.”

ಅಪ್ಪನ ಕಾಲಿನ ಗುರುತು ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಲಾರಿಯ ಹಿಂಬಾಗಿಲು ಬಿದ್ದು ಆದದ್ದು. ವೂಂಡ್ ಮೆಡಲ್, ಅಂದರೆ ಪರಾಕ್ರಮ ಪದಕ, ಶತ್ರುವಿನ ದಾಳಿಯಲ್ಲಿ ಗಾಯಗೊಂಡವರಿಗೆ ಮಾತ್ರ ಸಲ್ಲುವಂಥದ್ದು. ಅಪ್ಪ ಆ ಡಬ್ಬಿಯನ್ನು ಮುಟ್ಟಲಿಲ್ಲ. ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು: “ಆದದ್ದಾಯಿತು, ಸುಮ್ಮನಿರಿ ಅಪ್ಪ, ಯಾರು ನೋಡುತ್ತಾರೆ?” ಎಂದೆ. ಹಣ ಎಣಿಸಿ ಕೊಟ್ಟೆ.

ನೋಡುವವರು ಇದ್ದರು. ನಾಲ್ಕು ತಿಂಗಳ ಮೇಲೆ ಬೇರೊಂದು ಕೆಲಸಕ್ಕೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋದೆವು. ಮೇಜಿನ ಆಚೆ ಕುಳಿತಿದ್ದ ಹಿರಿಯ ಗುಮಾಸ್ತರು ಪುಟ ಮಗುಚುತ್ತ ಬಂದವರು ಆ ಪುಟದಲ್ಲಿ ನಿಂತರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಈ ಎಂಟ್ರಿ ಯಾವ ಪಾರ್ಟ್ ಟು ಆರ್ಡರ್ ಮೇಲೆ ಆಗಿದ್ದು?” ಎಂದು ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಪ್ಪನಿಗೆ ಅರ್ಥವಾಯಿತು. ಅವರು ತಲೆ ತಗ್ಗಿಸಿದರು. ಮುದ್ರೆಯ ಪಕ್ಕ ಸಹಿ ಮಾಡಿದವರ ಹೆಸರಿರಲಿಲ್ಲ, ಹುದ್ದೆ ಇರಲಿಲ್ಲ, ತಾರೀಖಿರಲಿಲ್ಲ. “ಇದನ್ನು ಇನ್ನು ಯಾರಿಗೂ ತೋರಿಸಬೇಡಿ. ಮೊದಲು ರೆಕಾರ್ಡ್ಸ್‌ಗೆ ನೀವೇ ಬರೆಯಿರಿ” ಎಂದು ಆ ಗುಮಾಸ್ತರು ಮೆಲ್ಲಗೆ ಹೇಳಿದರು. ಅವರಿಗೆ ನಾನು ಇಂದಿಗೂ ಋಣಿ.

ಆ ದಿನ ಅವರು ನಮಗೆ ತಿಳಿಸಿ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ನಮ್ಮ ಕೈಯಲ್ಲಿರುವ ಡಿಸ್ಚಾರ್ಜ್ ಬುಕ್ ಎಂಬುದು ಪಹಣಿಯ ನಕಲಿದ್ದಂತೆ. ಮೂಲ ಇರುವುದು ಆಯಾ ರೆಜಿಮೆಂಟಿನ ಅಥವಾ ಕೋರ್‌ನ ರೆಕಾರ್ಡ್ ಆಫೀಸಿನಲ್ಲಿ, ಶೀಟ್ ರೋಲ್ ಎಂಬ ಕಡತದಲ್ಲಿ. ಸೈನಿಕನ ಸೇವೆಯಲ್ಲಿ ಏನೇ ನಡೆದರೂ, ಬಡ್ತಿಯಾಗಲಿ, ಮದುವೆಯಾಗಲಿ, ಅಟ್ಯಾಚ್‌ಮೆಂಟ್ ಆಗಲಿ, ಪದಕವಾಗಲಿ, ಅದು ಪಾರ್ಟ್ ಟು ಆರ್ಡರ್ ಆಗಿ ಪ್ರಕಟವಾಗಬೇಕು. ಅದರ ನಂಬರು, ತಾರೀಖು ಹಿಡಿದುಕೊಂಡೇ ಶೀಟ್ ರೋಲ್‌ನಲ್ಲಿ ನಮೂದಾಗಬೇಕು. ನಿವೃತ್ತಿಯ ಹೊತ್ತಿಗೆ ಒಬ್ಬ ಕ್ಲರ್ಕ್ ಅದನ್ನು ನೋಡಿ ಬುಕ್ಕಿಗೆ ಬರೆದಿರುತ್ತಾನೆ. ಬುಕ್ಕಿನಲ್ಲಿ ನಾವು ಏನು ಗೀಚಿಕೊಂಡರೂ ಮೂಲ ಬದಲಾಗುವುದಿಲ್ಲ. ಪಹಣಿಯ ಜೆರಾಕ್ಸಿನ ಮೇಲೆ ಎರಡು ಎಕರೆ ಸೇರಿಸಿ ಬರೆದರೆ ಹೊಲ ಬೆಳೆಯುತ್ತದೆಯೇ?

ಶೀಟ್ ರೋಲ್‌ನ ಪ್ರತಿ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಮೊದಲು ನನ್ನ ಹೆಸರಿನಲ್ಲಿ ಹಾಕಿ ಪೆಟ್ಟು ತಿಂದೆ: ಅದು ಇನ್ನೊಬ್ಬರ ವೈಯಕ್ತಿಕ ಮಾಹಿತಿ, ಕೊಡಲಾಗದು ಎಂದು ಬಂತು. ಮಗನಾದರೇನು, ಕಾನೂನಿಗೆ ನಾನು ಮೂರನೆಯವನೇ. ಎರಡನೆಯ ಸಲ ಅಪ್ಪನ ಹೆಸರು, ಅಪ್ಪನ ಸಹಿ, ಸರ್ವೀಸ್ ನಂಬರು, ಗುರುತಿನ ಚೀಟಿಯ ಪ್ರತಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಕಾನೂನು 30 ದಿನ ಎನ್ನುತ್ತದೆ. 27ನೇ ದಿನಕ್ಕೆ ಲಕೋಟೆ ಬಂತು.

ಅದರಲ್ಲಿ ಪೂರ್ವೀ ಸ್ಟಾರ್ ಇತ್ತು.

ಪಾರ್ಟ್ ಟು ಆರ್ಡರಿನ ನಂಬರು, ತಾರೀಖು ಸಮೇತ ಎಪ್ಪತ್ತರ ದಶಕದಲ್ಲೇ ದಾಖಲಾಗಿತ್ತು. 1985ರಲ್ಲಿ ಬುಕ್ ಬರೆದ ಕ್ಲರ್ಕ್ ಒಂದು ಸಾಲು ಹಾರಿಸಿದ್ದ, ಅಷ್ಟೇ. ಪದಕ ಅಟ್ಯಾಚ್ ಆಗಿದ್ದ ಘಟಕಕ್ಕೆ ಹೋಗಿ ಎಲ್ಲಿ ತಿರುಗಿತೋ, ಅಪ್ಪನ ಕೈ ಸೇರಿರಲಿಲ್ಲ. ಹತ್ತು ರೂಪಾಯಿಯಲ್ಲಿ ತಿಳಿಯಬಹುದಾಗಿದ್ದ ಸಂಗತಿಗೆ ನಾವು 18 ಸಾವಿರ ತೆತ್ತು, ಮೇಲೊಂದು ಸುಳ್ಳನ್ನೂ ಕೊಂಡು ತಂದಿದ್ದೆವು.

ನಿಜವಾದ ಯಾತನೆ ಶುರುವಾದದ್ದು ಆಮೇಲೆ. ಬಿಟ್ಟುಹೋದ ನಮೂದನ್ನು ಬುಕ್ಕಿನಲ್ಲಿ ಸೇರಿಸಿಕೊಡಿ ಎಂದು ಅರ್ಜಿ ಬರೆದು ಮೂಲ ಬುಕ್ ಲಗತ್ತಿಸಿದಾಗ, ನೀಲಿ ಸಾಲುಗಳು ರೆಕಾರ್ಡ್ ಆಫೀಸಿನವರ ಕಣ್ಣಿಗೂ ಬಿದ್ದವು. ಯಾರು ಬರೆದರು, ಯಾವಾಗ, ಯಾರ ಅನುಮತಿಯಿಂದ? ಗಾಯವಾಗಿದ್ದರೆ ಯಾವ ದಿನ, ಯಾವ ಮಿಲಿಟರಿ ಆಸ್ಪತ್ರೆಯಲ್ಲಿ ದಾಖಲಾಗಿದ್ದು? ಅಪ್ಪ ವಿವರಣೆ ಬರೆದರು. ಸಾಲದು ಎಂದು ಅಫಿಡವಿಟ್ ಕೇಳಿದರು. 73 ವರ್ಷದ ಮುದುಕ ನೋಟರಿಯ ಮುಂದೆ ನಿಂತು ‘ನಾನು ಯುದ್ಧದಲ್ಲಿ ಗಾಯಗೊಂಡಿರುವುದಿಲ್ಲ’ ಎಂದು ಬರೆದುಕೊಟ್ಟದ್ದನ್ನು ನೋಡಿದ ಮೇಲೆ ಆ ಅಂಗಡಿಯ ರಸ್ತೆಯಲ್ಲಿ ಹೋಗಲು ನನಗೆ ಮನಸ್ಸಾಗುವುದಿಲ್ಲ. ಪೊಲೀಸ್ ದೂರು ಕೊಡೋಣವೆಂದರೆ ಅಪ್ಪ ಒಪ್ಪಲಿಲ್ಲ. “ಬುಕ್ ಕೊಟ್ಟವರು ನಾವು” ಎಂದರು. ಅಂಗಡಿ ಇಂದಿಗೂ ನಡೆಯುತ್ತಿದೆ.

ಆದ್ದರಿಂದ, ಯಾರಾದರೂ ಬಂದು ‘ಒರಿಜಿನಲ್ ಕೊಡಿ, ಎಂಟ್ರಿ ಮಾಡಿಸುತ್ತೇನೆ’ ಎಂದರೆ ಕಾಫಿ ಕೊಟ್ಟು ಕಳುಹಿಸಿ. ಮೊದಲು ಹಿರಿಯರ ಸಹಿಯಲ್ಲೇ ಶೀಟ್ ರೋಲ್‌ನ ಪ್ರತಿ ತರಿಸಿ ನೋಡಿ. ಅದರಲ್ಲಿ ಪದಕ ಇದ್ದರೆ ಒಂದು ಅರ್ಜಿ ಸಾಕು; ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯ ಮೂಲಕ ಕಳುಹಿಸಿದರೆ ಇನ್ನೂ ಒಳ್ಳೆಯದು, ಆ ನೆರವಿಗೆ ಹಣ ಕೊಡಬೇಕಾಗಿಲ್ಲ. ಮೂಲ ಬುಕ್ ಕಳುಹಿಸಲೇಬೇಕಾದರೆ ಪ್ರತಿ ಪುಟದ ಜೆರಾಕ್ಸ್ ಇಟ್ಟುಕೊಂಡು, ನೇರವಾಗಿ ರೆಕಾರ್ಡ್ ಆಫೀಸಿನ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲೇ ಕಳುಹಿಸಿ.

ಶೀಟ್ ರೋಲ್‌ನಲ್ಲೂ ಇಲ್ಲದಿದ್ದರೆ ದಾರಿ ಉದ್ದ. ಆಗ ಆ ತಾರೀಖಿನಲ್ಲಿ ಆ ಜಾಗದಲ್ಲಿ ಇದ್ದುದಕ್ಕೆ ಕಾಗದದ ಆಧಾರ ಬೇಕು. ಮನೆಯ ಹಳೆಯ ಪೆಟ್ಟಿಗೆಗಳನ್ನು ಕೆದಕಿ. ನಮ್ಮಜ್ಜಿಯ ಎಲೆಯಡಿಕೆ ಡಬ್ಬಿಯ ತಳದಲ್ಲಿ ಅಪ್ಪ ಬರೆದ ಎರಡು ಇನ್‌ಲ್ಯಾಂಡ್ ಪತ್ರ ಸಿಕ್ಕವು, ಕಳುಹಿಸಿದವರ ವಿಳಾಸದಲ್ಲಿ 99 ಎಪಿಒ (ಸೇನಾ ಅಂಚೆ ಕಚೇರಿ) ಎಂದಿತ್ತು. ಪೂರ್ವದ ಕಡೆ ಇದ್ದ ಸೈನಿಕರ ಅಂಚೆ 99, ಪಶ್ಚಿಮದ್ದು 56. ಇಷ್ಟರಿಂದಲೇ ಪದಕ ಸಿಗುವುದಿಲ್ಲ, ಆದರೆ ಅಟ್ಯಾಚ್‌ಮೆಂಟಿನ ಆರ್ಡರ್ ಯಾವ ತಿಂಗಳಿನದೆಂದು ಹುಡುಕಿಕೊಡಿ ಎಂದು ಕೇಳುವುದಕ್ಕೆ ಒಂದು ಹಿಡಿತ ಸಿಗುತ್ತದೆ. ಅಂಗಡಿಯಲ್ಲಿ ಸಿಗುವ ಪದಕಗಳನ್ನು ಮಾತ್ರ ಆಧಾರವೆಂದು ಯಾರ ಮುಂದೆಯೂ ಇಡಬೇಡಿ. ಅಪ್ಪನ ಸಂಗ್ರಾಮ್ ಮೆಡಲಿನ ಅಂಚನ್ನು ಬೆಳಕಿಗೆ ಹಿಡಿದರೆ ಅವರ ನಂಬರು, ಹೆಸರು ಕೊರೆದಿರುವುದು ಕಾಣುತ್ತದೆ. ಮಖಮಲ್ಲಿನ ಡಬ್ಬಿಯವು ಬೋಳು.

ಬುಕ್ ಮನೆಗೆ ಬಂದದ್ದು 2024ರಲ್ಲಿ. ನೀಲಿ ಸಾಲುಗಳೆರಡಕ್ಕೂ ಕೆಂಪು ಗೆರೆ ಹೊಡೆದಿದ್ದಾರೆ, ಪಕ್ಕದಲ್ಲಿ ಅಧಿಕಾರಿಯ ಸಹಿ, ಹೆಸರು, ಹುದ್ದೆ, ತಾರೀಖು. ಕೆಳಗೆ ಪೂರ್ವೀ ಸ್ಟಾರ್ ಅನ್ನು ಆರ್ಡರ್ ನಂಬರಿನೊಂದಿಗೆ ಹೊಸದಾಗಿ ಬರೆದಿದ್ದಾರೆ. ಪದಕ ಇನ್ನೂ ಬಂದಿಲ್ಲ. ಮನೆಗೆ ಯಾರಾದರೂ ಬಂದು ಯುದ್ಧದ ಮಾತು ಎತ್ತಿದರೆ ಅಪ್ಪ ಟ್ರಂಕು ತೆಗೆಸುತ್ತಾರೆ. ಪೂರ್ವೀ ಸ್ಟಾರ್ ತೋರಿಸುತ್ತಾರೆ ಎಂದುಕೊಂಡಿದ್ದೆ. ಅವರು ಮೊದಲು ಬೆರಳಿಡುವುದು ವೂಂಡ್ ಮೆಡಲ್ ಎಂಬ ಅಕ್ಷರಗಳ ಮೇಲಿನ ಕೆಂಪು ಗೆರೆಯ ಮೇಲೆ.